ರಜೆಯ ಚೀಟಿ

ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ ನಾಟಕವು ಮರಾಠಿ ರಂಗಭೂಮಿಗೆ ಬಂದದ್ದು 1919ರಲ್ಲಿ. ಕುಡಿತಕ್ಕೆ ಬಲಿಯಾದ ವಕೀಲ ಸುಧಾಕರ. ಅವನ ಕೈಯಿಂದಲೇ ಕೂಸನ್ನು ಕಳೆದುಕೊಂಡರೂ ಅವನನ್ನು ಬಿಟ್ಟುಕೊಡದ ಮಡದಿ ಸಿಂಧು. ಬಾಲಗಂಧರ್ವರು ಆಡಿದ ಆ ಸಿಂಧುವಿಗಾಗಿ ಪ್ರೇಕ್ಷಕರು ಕಣ್ಣೀರಿಟ್ಟರು. ನನಗೆ ಮಾತ್ರ ಒಂದು ಸಂದೇಹ ಉಳಿದಿದೆ: ಆಕೆಯ ಸಹನೆ ಸುಧಾಕರನ ಬಟ್ಟಲನ್ನು ಒಂದು ದಿನವಾದರೂ ಕೆಳಗಿರಿಸಿತೆ?

ಈ ಸಂದೇಹ ಪುಸ್ತಕದಿಂದ ಹುಟ್ಟಿದ್ದಲ್ಲ. ನನ್ನ ಅಣ್ಣ ಕುಡಿಯುತ್ತಿದ್ದ. ಅವನು ಕೆಲಸಕ್ಕೆ ಹೋಗಲಾರದ ದಿನ ‘ಜ್ವರದ ನಿಮಿತ್ತ’ ರಜೆಯ ಚೀಟಿ ಬರೆಯುತ್ತಿದ್ದವನು ನಾನು. ನನ್ನ ಅಕ್ಷರ ದುಂಡಾಗಿತ್ತು. ಅಮ್ಮ ಸೆರಗಿನ ಗಂಟು ಬಿಚ್ಚಿ ಅವನ ಸಾಲ ತೀರಿಸುತ್ತಿದ್ದಳು. ಅತ್ತಿಗೆ ಅವನ ವಾಂತಿಯನ್ನು ಬೆಳಕು ಹರಿಯುವ ಮುನ್ನವೇ ತೊಳೆದಿರುತ್ತಿದ್ದಳು. ಎದ್ದ ಅಣ್ಣನ ಕಣ್ಣಿಗೆ ಬೀಳುತ್ತಿದ್ದುದು ಸಾರಿಸಿದ ನೆಲ. ಇರುಳು ಬೈಯುತ್ತಿದ್ದೆವು, ಬೆಳಗ್ಗೆ ಮುಚ್ಚಿಡುತ್ತಿದ್ದೆವು. ಅವನು ಬದಲಾಗಲೆಂದು ಹರಕೆ ಹೊತ್ತ ನಾವೇ ಬದಲಾಗಲು ಅವನಿಗೊಂದು ಕಾರಣವನ್ನೂ ಉಳಿಸಿರಲಿಲ್ಲ.

ಅಮೆರಿಕದ ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮೊದಲಾದವರು 1999ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಚಿಕಿತ್ಸೆ ಬೇಡವೆನ್ನುವ ಕುಡುಕರ ಆಪ್ತರು 130 ಮಂದಿ. ಅವರಲ್ಲಿ ಕೆಲವರನ್ನು ಅಲ್-ಅನಾನ್ ಕೂಟದ ದಾರಿಗೆ ಹಚ್ಚಿದರು. ಕೆಲವರಿಗೆ, ಮನೆಮಂದಿಯೆಲ್ಲ ಸೇರಿ ಕುಡುಕನನ್ನು ಎದುರಿಸಿ ಕೇಳುವುದನ್ನು ಕಲಿಸಿದರು. ಉಳಿದವರು ಕಲಿತದ್ದು ಬೇರೆ: ಕುಡಿಯದ ಸಂಜೆ ಅವನೊಡನೆ ಕುಳಿತು ಉಣ್ಣುವುದು, ಕುಡಿದ ಸಂಜೆ ಜಗಳವಿಲ್ಲದೆ ದೂರ ಸರಿಯುವುದು, ಕುಡಿತದ ಫಲವನ್ನು ಅವನೇ ಕಾಣಲೆಂದು ಬಿಡುವುದು, ಮನಸ್ಸು ಮೆತ್ತಗಾದ ಗಳಿಗೆ ನೋಡಿ ವೈದ್ಯರ ಮಾತೆತ್ತುವುದು. ಚಿಕಿತ್ಸೆಗೆ ಒಪ್ಪಿ ಬಂದವರು ಕ್ರಮವಾಗಿ ನೂರಕ್ಕೆ 13, 30, 64. (ಅಲ್-ಅನಾನ್ ಬಯಸುವುದು ಮನೆಯವರ ನೆಮ್ಮದಿಯನ್ನೇ ಹೊರತು ಕುಡುಕನನ್ನು ಆಸ್ಪತ್ರೆಗೆ ಕಳುಹಿಸುವುದನ್ನಲ್ಲ, ಅದನ್ನು ಸೋತಿತೆನ್ನುವುದು ಅನ್ಯಾಯ.) ಬಂದವರೆಲ್ಲ ಕುಡಿತ ಬಿಟ್ಟರೆಂದೂ ಇದರ ಅರ್ಥವಲ್ಲ.

ಗಂಡ ಕುಡಿದರೆ ಹೆಂಡತಿಯ ಬಾಯಿಯೇ ಕಾರಣವೆನ್ನುವ ನಮ್ಮ ಜನಕ್ಕೆ ಈ ಮಾತು ಇನ್ನೊಂದು ದೊಣ್ಣೆಯಾಗಬಾರದು. ಕುಡಿಯುವವನು ಅವನು, ಆಕೆಯಲ್ಲ. ಹೊಡೆತ ಬೀಳುವ ಮನೆಯಲ್ಲಂತೂ ಆಕೆಯ ಮತ್ತು ಮಕ್ಕಳ ರಕ್ಷಣೆಯೇ ಮೊದಲು, ಅವನ ಚಿಕಿತ್ಸೆ ಅನಂತರ.

ಒಂದು ಸೋಮವಾರ ನಾನು ಕಾಗದ ತೆಗೆದಾಗ ಅತ್ತಿಗೆ ತಡೆದಳು. “ಇವತ್ತು ನೀನು ಬರೀಬೇಡಪ್ಪ. ಅವರೇ ಬರೀಲಿ” ಎಂದಳು. ಅಮ್ಮ ಮನೆಯ ಮರ್ಯಾದೆಯ ಮಾತೆತ್ತಿದಳು. ಅತ್ತಿಗೆ ಉತ್ತರ ಕೊಡಲಿಲ್ಲ. ಅಣ್ಣ ನಡುಗುವ ಕೈಯಲ್ಲಿ ‘ಜ್ವರ’ ಎಂದು ಬರೆದು, ಹೊಡೆದುಹಾಕಿ, ಬಹಳ ಹೊತ್ತು ಕುಳಿತಿದ್ದ. ಕೊನೆಗೆ ತಲೆಯೆತ್ತದೆಯೇ ಕೇಳಿದ: “ಏನಂತ ಬರೀಲಿ, ಹೇಳು.”