ಓಟಿಪಿ ಹೇಳಿದ್ದು ಒಪ್ಪಿಗೆ ಅಲ್ಲ



ಜಗಳೂರು ಕಡೆಯ ಒಂದು ಹಳ್ಳಿ. ನಮ್ಮ ಕೇರಿಯ ತಾಯಿಯೊಬ್ಬರು ಬೆಳಗ್ಗೆಯಿಂದ ಅರ್ಜಿ ಹಾಕೋ ಅಂಗಡಿ ಮುಂದೆ ಕೂತಿದ್ರು. 'ಅಮ್ಮಾ, ಮೊಬೈಲಿಗೆ ನಂಬರ್ ಬಂದೈತಿ, ಹೇಳು' ಅಂದ ಕಂಪ್ಯೂಟರ್ ಹುಡುಗ. ಓದೋಕೆ ಬರಲ್ಲ, ಫೋನನ್ನೇ ಕೊಟ್ರು. ಅವನೇ ಓದಿದ, ಅವನೇ ಒತ್ತಿದ, 'ಆಯ್ತು ಹೋಗಮ್ಮ' ಅಂದ. ಯಾವುದಕ್ಕೆ ಒಪ್ಪಿದ್ರಿ ಅಂತ ನಾನು ಕೇಳಿದೆ. 'ಯಾರಿಗೊತ್ತಪ್ಪ, ಒಪ್ಪದಿದ್ರೆ ದುಡ್ಡು ಬರಲ್ವಂತೆ' ಅಂದ್ರು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಲ್ಲೂ ಇದೇ ಮಾತು ಕೇಳಿದ್ದೀನಿ. ಹಸಿವಿನ ಮುಂದೆ ಹೇಳಿಸಿದ 'ಹೂಂ' ಒಪ್ಪಿಗೆ ಆಗುತ್ತಾ?

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ರು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಷರತ್ತಿಲ್ಲದೆ ಇರಬೇಕು, ಕನ್ನಡದಲ್ಲೂ ಕೇಳೋ ವ್ಯವಸ್ಥೆ ಇರಬೇಕು ಅನ್ನುತ್ತೆ ಕಾಯ್ದೆ. ಕೇಳೋಕೆ ಚೆಂದ. ಆದ್ರೆ 7ನೇ ಸೆಕ್ಷನ್ನಿನಲ್ಲಿ ಒಂದು ಕಿಂಡಿ ಇದೆ: ಸಬ್ಸಿಡಿ, ಸೌಲಭ್ಯ, ಸರ್ಟಿಫಿಕೇಟ್ ಕೊಡೋಕೆ ಅಂತ ಸರ್ಕಾರ ತನ್ನ ಹತ್ರ ಇರೋ ಮಾಹಿತಿಯನ್ನ ಹೊಸದಾಗಿ ಒಪ್ಪಿಗೆ ಕೇಳದೇ ಬಳಸಬಹುದು. ಸೌಲಭ್ಯದ ಸಾಲಿನಲ್ಲಿ ನಿಲ್ಲೋರು ಯಾರು? ನಾವೇ.

ಇನ್ನೊಂದು ನೋಡಿ. ಇದೇ ಕಾಯ್ದೆ ಮಾಹಿತಿ ಹಕ್ಕಿಗೂ ತಿದ್ದುಪಡಿ ತಂದು, 'ವೈಯಕ್ತಿಕ ಮಾಹಿತಿ' ಅಂತ ಹೇಳಿ ನಮ್ಮ ಅರ್ಜಿ ತಳ್ಳೋದನ್ನ ಅಧಿಕಾರಿಗಳಿಗೆ ಸಲೀಸು ಮಾಡಿತು. ಅದು 2025ರ ನವೆಂಬರಿನಲ್ಲೇ ಜಾರಿಗೆ ಬಂತು. ನಮ್ಮ ಒಪ್ಪಿಗೆ ಕೇಳಬೇಕು ಅನ್ನೋ ಕಲಮುಗಳಿಗೆ ಮಾತ್ರ ಅಲ್ಲಿಂದ 18 ತಿಂಗಳ ಗಡುವು! ಅವರಿಗೆ ಪರದೆ ಇವತ್ತೇ, ನಮಗೆ ಮುಂದೆ ಯಾವತ್ತೋ.

ಉದ್ಯೋಗ ಖಾತ್ರಿ ಕೆಲಸ ಮಾಡಿದೋರಿಗೆ ಇದು ಗೊತ್ತು. 2023ರ ಜನವರಿ 1ರಿಂದ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೋ ಹಾಜರಿ ಕಡ್ಡಾಯ ಆಯ್ತು. ಬೆವರಿಳಿಸ್ಕೊಂಡು ನಿಂತ ನಮ್ಮ ಹೆಣ್ಣುಮಕ್ಕಳ ಫೋಟೋ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದ್ರೂ ನೋಡೋ ಹಾಗಾಯ್ತು. ಅವರನ್ನ ಯಾರಾದ್ರೂ ಕೇಳಿದ್ರಾ? ಹೋಗ್ಲಿ, ಕಳ್ಳ ಹಾಜರಿ ನಿಂತ್ತಾ? ಸಂಬಂಧವೇ ಇಲ್ಲದ ಫೋಟೋ, ಫೋಟೋದ ಫೋಟೋ ಏರಿಸ್ತಿದ್ದಾರೆ ಅಂತ 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೀತು.

ಈಗ ಅದೇ ವರ್ಷದ ಸೆಪ್ಟೆಂಬರಿನ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನೆನಪು ಮಾಡ್ಕೊಳ್ಳಿ. ಪ್ರಬಲ ಸಮುದಾಯಗಳ ಸಂಘಗಳು ಹೈಕೋರ್ಟಿಗೆ ಹೋದ್ವು. ಮಾಹಿತಿ ಕೊಡೋದು ಸ್ವಯಂಪ್ರೇರಿತ, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು ಅಂತ 25ರಂದು ಕೋರ್ಟ್ ಹೇಳಿತು. ಒಳ್ಳೇದೇ. ನಮಗೆ ಸಮೀಕ್ಷೆ ಬೇಕು, ಲೆಕ್ಕ ಇಲ್ಲದೆ ಪಾಲು ಇಲ್ಲ. ನನ್ನ ಪ್ರಶ್ನೆ ಒಂದೇ: ಅವರ ಮನೆ ಬಾಗಿಲಲ್ಲಿ 'ಇಲ್ಲ' ಅನ್ನೋಕೆ ಹಕ್ಕಿದ್ರೆ, ನಮ್ಮ ಕೂಲಿಯ ಜಾಗದಲ್ಲಿ ಯಾಕಿಲ್ಲ?

'ನಮ್ಮ ಹತ್ರ ಮುಚ್ಚಿಡೋಕೆ ಏನೈತಣ್ಣ?' ಅಂತ ನಮ್ಮ ಹುಡುಗರೇ ಕೇಳ್ತಾರೆ. ತಮ್ಮಾ, ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕಿದ್ದೀಯಾ? ಜಾತಿ ಗೊತ್ತಾದ ಮೇಲೆ 'ಮನೆ ಖಾಲಿ ಇಲ್ಲ' ಅನ್ನಿಸ್ಕೊಂಡಿದ್ದೀಯಾ? ನಿನ್ನ ಜಾತಿ, ನಂಬರು, ವಿಳಾಸ, ಸಾಲ ಎಲ್ಲಾ ಒಂದೇ ಪಟ್ಟಿಯಲ್ಲಿ ಸೇರಿ ಯಾರ ಕೈಗೋ ಸಿಕ್ಕರೆ ಆ ಬಾಗಿಲು ನೀನು ತಟ್ಟೋಕೆ ಮುಂಚೆನೇ ಮುಚ್ಚುತ್ತೆ. ಸಾಲದ ಆ್ಯಪು ಫೋನಿನ ಕಾಂಟ್ಯಾಕ್ಟ್ ಪಟ್ಟಿಗೆ ಕೈ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಕಂತು ತಪ್ಪಿದ್ರೆ ನೆಂಟರಿಗೆಲ್ಲಾ ಫೋನ್ ಮಾಡಿ ಮಾನ ಕಳೀತಾರೆ ಅಂತಾನೇ ಆ ನಿಯಮ. ನಮಗಿರೋ ಆಸ್ತಿ ಮಾನ ಒಂದೇ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಒತ್ತೋ ಮುಂಚೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿ. ಮಾಹಿತಿ ಯಾರಿಗೆ ಹೋಗುತ್ತೆ ಅಂತ ತಿಳಿಸಿ. ಬೇಡ ಅಂದ್ರೂ ಅಕ್ಕಿ, ಕೂಲಿ, ಪಿಂಚಣಿ ನಿಲ್ಲಬಾರದು. ಕಾಗದದ ದಾರಿ ತೆರೆದಿರಲಿ. ಹೆಣ್ಣುಮಕ್ಕಳ ಫೋಟೋ ಜಾಲತಾಣದಿಂದ ತೆಗೀರಿ.

ನಾಲ್ಕೂ ತಾಲ್ಲೂಕಿನ ಸಂಗಾತಿಗಳಿಗೆ ನನ್ನ ವಿನಂತಿ: ಕೇರಿಗೊಬ್ಬರು ಓದಿದ ಹುಡುಗಿಯೋ ಹುಡುಗನೋ ತಾಯಂದಿರ ಜೊತೆ ಆ ಅಂಗಡಿಗೆ ಹೋಗಿ ಪಕ್ಕದಲ್ಲಿ ನಿಲ್ಲಿ. 'ಅಣ್ಣಾ, ಸ್ವಲ್ಪ ತಡಿ, ಏನು ಬರೆದೈತಿ ಓದು' ಅನ್ನಿ. ಬಾಬಾಸಾಹೇಬರು ಅಕ್ಷರ ಕೊಟ್ಟಿದ್ದು ಕೇಳೋಕೆ, ಬರೀ ಹೆಬ್ಬೆಟ್ಟಿನ ಜಾಗದಲ್ಲಿ ಓಟಿಪಿ ಒತ್ತೋಕಲ್ಲ.

ಜೈ ಭೀಮ್.