ಒಂದು ಕಿಲೋಮೀಟರ್ ಅಳೆದವರು ಯಾರು ಸ್ವಾಮಿ?

ಕನ್ನಡದ ತರುಣ ತರುಣಿಯರೇ,

ನಿಮ್ಮ ಬಡಾವಣೆಯ ಸರ್ಕಾರಿ ಶಾಲೆ ಎಲ್ಲಿದೆ, ಹೇಳಿ ನೋಡೋಣ. ಮಾಲ್ ಎಲ್ಲಿದೆ ಎಂದರೆ ಕಣ್ಣು ಮುಚ್ಚಿಕೊಂಡು ದಾರಿ ತೋರಿಸುತ್ತೀರಿ. ಶಾಲೆ ಎಂದರೆ ತಲೆ ಕೆರೆದುಕೊಳ್ಳುತ್ತೀರಿ. ಸಿಟ್ಟಾಗಬೇಡಿ, ಈ ಮಾತು ಬರೆಯುತ್ತಿರುವವನಿಗೂ ಸಲ್ಲುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ ನಿಯಮದಂತೆ ಐದನೇ ತರಗತಿವರೆಗಿನ ಮಗುವಿಗೆ 1 ಕಿಲೋಮೀಟರ್ ಒಳಗೆ, ಎಂಟನೇ ತರಗತಿವರೆಗಿನ ಮಗುವಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಬಹಳ ಸಂತೋಷ! ಆದರೆ ಆ ಒಂದು ಕಿಲೋಮೀಟರಿನ ನಡುವೆ ಏನಿದೆ? ವರ್ತುಲ ರಸ್ತೆಯೋ, ರೈಲು ಹಳಿಯೋ, ಬಾಯ್ತೆರೆದ ರಾಜಕಾಲುವೆಯೋ? ಗಾಲಿಕುರ್ಚಿಯ ಮಗು ಆ ಫುಟ್‌ಪಾತ್ ಹತ್ತಬಲ್ಲದೇ? ಶಾಲೆಯ ಶೌಚಾಲಯದ ಬಾಗಿಲು ದಾಟಬಲ್ಲದೇ? ಕಚೇರಿಯ ನಕ್ಷೆಗೆ ಇದು ಗೊತ್ತಿಲ್ಲ. ದಿನಾ ನಡೆಯುವ ಮಗುವಿಗೆ ಗೊತ್ತು. ಆ ಮಗುವನ್ನು ಕೇಳುವವರಿಲ್ಲ.

ಒಮ್ಮೆ ಕೇಳಿದ್ದರು. 1990ರ ದಶಕದಲ್ಲಿ ಯುನೆಸ್ಕೋ ಬೆಂಬಲದ 'ಗ್ರೋಯಿಂಗ್ ಅಪ್ ಇನ್ ಸಿಟೀಸ್' ಯೋಜನೆ ಬೆಂಗಳೂರಿನ ಸತ್ಯನಗರಕ್ಕೆ ಬಂದಿತ್ತು. ಬಡವರು ತಾವೇ ಕಟ್ಟಿಕೊಂಡ ಕೇರಿ ಅದು. ಮಕ್ಕಳು ತಮ್ಮ ಬೀದಿಯ ಚಿತ್ರ ಬರೆದರು, ಸಂಶೋಧಕರನ್ನು ಗಲ್ಲಿಗಲ್ಲಿ ಸುತ್ತಿಸಿದರು. ನೀರಿನ ಪರದಾಟ, ಕೊಡ ಹೊರುವ ಹೆಣ್ಣುಮಕ್ಕಳ ಪಾಡು ಎಲ್ಲವೂ ಬಯಲಾಯಿತು. ಇಷ್ಟೆಲ್ಲ ಕೊರತೆಯಿದ್ದರೂ ಆ ಮಕ್ಕಳಿಗೆ ತಮ್ಮ ಕೇರಿ ಎಂದರೆ ಪ್ರೀತಿ! ಆಮೇಲೆ? 2001-02ರ ಹೊತ್ತಿಗೆ ಇಂಗ್ಲಿಷಿನಲ್ಲಿ ಲೇಖನ ಬಂತು, ಪುಸ್ತಕ ಬಂತು. ಮಕ್ಕಳ ಮಾತು ಕಾರ್ಯರೂಪಕ್ಕೆ ಬರಲು ಎಷ್ಟು ಅಡ್ಡಿ ಎದುರಾಯಿತು ಎಂದು ಸಂಶೋಧಕರೇ ಬರೆದರು. ಒಳ್ಳೆಯ ಕೆಲಸವೇ, ಅವರನ್ನು ದೂರುತ್ತಿಲ್ಲ. ಆದರೆ ಆ ಕೇರಿಯ ತಾಯಿ ಇಂಗ್ಲಿಷ್ ಪುಸ್ತಕ ಓದಿ ಅಧಿಕಾರಿಯ ಮೇಜು ಗುದ್ದುವುದು ಹೇಗೆ?

ಅದೇ ದಶಕದಲ್ಲಿ ಕುಂದಾಪುರ ಸೀಮೆಯ ಹಳ್ಳಿಗಳನ್ನು ನೋಡಿ. ದುಡಿಯುವ ಮಕ್ಕಳ ಭೀಮ ಸಂಘ, ಮಕ್ಕಳ ಪಂಚಾಯಿತಿಗಳು ತಾವೇ ಸಮೀಕ್ಷೆ ಮಾಡಿದವು. ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ಶಾಲೆ ತಪ್ಪುತ್ತದೆ, ಕಾಲುಸಂಕ ಬೇಕು ಎಂದು ಊರಿನ ಮುಂದೆ ಲೆಕ್ಕ ಇಟ್ಟವು. ಮಕ್ಕಳ ಗ್ರಾಮಸಭೆ ಎಂಬುದು ರಾಜ್ಯಕ್ಕೆ ಬಂದಿದ್ದು ಇಂಥ ಬೇರಿನಿಂದ. ಹಳ್ಳಿಯ ಮಕ್ಕಳಿಗೆ ಸಾಧ್ಯವಾದದ್ದು, ಪದವಿ ಹಿಡಿದ ನಗರದ ನಮಗೆ ಯಾಕೆ ಸಾಧ್ಯವಿಲ್ಲ?

ಕಾನೂನು ನಿಮ್ಮ ಕೈಯಲ್ಲಿದೆ. ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಸಮಿತಿ ಬರೆಯುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವಾಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಆಗಬೇಕು. ನಿಮ್ಮ ಶಾಲೆಗೆ ಅದು ಬಂದಿತ್ತೇ? ಹೋಗಿ ಕೇಳಿ!

ಒಂದು ಭಾನುವಾರ ಕೊಡಿ. ನೋಟ್‌ಬುಕ್, ಅಳತೆ ಟೇಪು ಹಿಡಿದು ಹೊರಡಿ. ಯಾವ ಮನೆಯ ಮಗು ಶಾಲೆಗೆ ಹೋಗುತ್ತಿಲ್ಲ, ಯಾಕೆ ಹೋಗುತ್ತಿಲ್ಲ, ದಾರಿಯಲ್ಲಿ ಎಲ್ಲಿ ಹೆದರುತ್ತದೆ ಎಂದು ಮಗುವಿನ ಬಾಯಿಂದಲೇ ಕೇಳಿ. ಕಟ್ಟಡ ಕೆಲಸಕ್ಕೆ ರಾಯಚೂರಿನಿಂದ ಬಂದವರ ಮಗುವನ್ನೂ ಬರೆದುಕೊಳ್ಳಿ, ಒಡಿಶಾದಿಂದ ಬಂದವರ ಮಗುವನ್ನೂ ಬರೆದುಕೊಳ್ಳಿ. ಮನೆಮಾತು ಬೇರೆ ಎಂದು ಆ ಮಗುವನ್ನು ಹೊರಗಿಟ್ಟರೆ, ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಕಾನ್ವೆಂಟಿಗೂ ನಮಗೂ ಏನು ವ್ಯತ್ಯಾಸ? ನಮ್ಮ ಶಾಲೆಗೆ ಕರೆತನ್ನಿ, ಕನ್ನಡ ತಾನಾಗಿ ಬರುತ್ತದೆ.

ವರದಿಯನ್ನು ಕನ್ನಡದಲ್ಲಿ ಬರೆಯಿರಿ. ಮೊದಲು ಬೀದಿಯಲ್ಲೇ ಗಟ್ಟಿಯಾಗಿ ಓದಿ, ತಪ್ಪಿದ್ದರೆ ಜನರೇ ತಿದ್ದಲಿ. ಆಮೇಲೆ ಶಾಲಾ ಸಮಿತಿಗೆ, ವಾರ್ಡ್ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರವೂ ಕನ್ನಡದಲ್ಲೇ ಬರಲಿ.

ಎಲ್ಲಿಂದ ಶುರು ಮಾಡುವುದು ಎನ್ನುತ್ತೀರಾ? ನವೆಂಬರ್ ಒಂದರಂದು ನೀವು ಬಾವುಟ ಏರಿಸುವ ಕಂಬದಿಂದ. ಅಲ್ಲಿಂದ ಶಾಲೆಯ ಗೇಟಿನವರೆಗೆ ಆರು ವರ್ಷದ ಮಗುವೊಂದರ ಕೈ ಹಿಡಿದು ನಡೆದು ನೋಡಿ. ಆಮೇಲೆ ಜೈಕಾರ ಹಾಕೋಣ.