ನೆಗಡಿ ಬಂದರೆ ಮೂಗು ಕೊಯ್ಯಬೇಕೇ?

ರಿಪೇರಿಯವನು ಬಂದು, ಪೆಟ್ಟಿಗೆ ಬಿಚ್ಚಿ, ಐದು ನಿಮಿಷ ನೋಡಿ, "ಬೋರ್ಡೇ ಹೋಗಿದೆ, ಹೊಸದು ತಗೊಳ್ಳಿ" ಎಂದು ಹೇಳಿ ಹೋಗುವ ದೃಶ್ಯ ಈ ಮಹಾನಗರದಲ್ಲಿ ಬಾಳುವ ನಮಗಾರಿಗೂ ಹೊಸದಲ್ಲ. ನಾವೂ ತಲೆಯಾಡಿಸಿ ಚೆಕ್ಕು ಬರೆದುಕೊಡುತ್ತೇವೆ. ಈ ತಲೆಯಾಡಿಸುವ ಚಟದ ಮೇಲೆಯೇ ನನ್ನ ತಕರಾರು.

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ 16 ಕ್ಯಾಮೆರಾಗಳ ಚಿತ್ರ ಹಿಡಿದಿಡುವ ಡಿಜಿಟಲ್ ವಿಡಿಯೋ ರೆಕಾರ್ಡರ್ ಒಂದಿದೆ. 2013ರಲ್ಲಿ ಕೂರಿಸಿದ್ದು, ಒಳಗೆ ನೋಡಿದರೆ ಲಿನಕ್ಸ್ ನಡೆಸುವ ಸಾಧಾರಣ ಕಂಪ್ಯೂಟರೇ. ಮೊಬೈಲಿನಲ್ಲಿ ಚಿತ್ರ ತಡೆದು ತಡೆದು ಬರುತ್ತದೆಂದು ಕೆಲವು ಸದಸ್ಯರು ದೂರಿದರು. ವ್ಯಾಪಾರಿಯು ಸೆಕೆಂಡಿಗೆ 100 ಮೆಗಾಬಿಟ್‌ನ ನೆಟ್‌ವರ್ಕ್ ಕಾರ್ಡು ತೆಗೆದು 1000ದ ಕಾರ್ಡು ಹಾಕಿದ. ಅಂದಿನಿಂದ ತಡೆದು ಬರುತ್ತಿದ್ದ ಚಿತ್ರವೂ ನಿಂತಿತು. ತೀರ್ಪು: ಇಡೀ ಯಂತ್ರವನ್ನೇ ಬದಲಿಸಬೇಕು!

ಕಮಿಟಿ ಒಪ್ಪಿಯೂ ಆಗಿತ್ತು. ನಾನು ಎಂದೋ ಬಿ.ಎಸ್ಸಿ. ಓದಿ, ಈಗ ಕೇಂದ್ರ ಸರಕಾರದ ಕಛೇರಿಯೊಂದರಲ್ಲಿ ಫೈಲು ನೋಡುವ ಗುಮಾಸ್ತ, ಇಂಜಿನಿಯರನಲ್ಲ. ಆದರೆ ಗುಣಾಕಾರ ಮರೆತಿಲ್ಲ. ಕ್ಯಾಮೆರಾಕ್ಕೆ 2 ಮೆಗಾಬಿಟ್ ಎಂದು ಹಿಡಿದರೂ ಹದಿನಾರಕ್ಕೆ 32. ಹಳೆಯ ಕಾರ್ಡಿಗೆ ಅದೊಂದು ಭಾರವೇ ಅಲ್ಲ. ನಮ್ಮ ಬ್ರಾಡ್‌ಬ್ಯಾಂಡ್ ಹೊರಗೆ ಕಳಿಸುವುದೇ 10. ಗಲ್ಲಿ ಕಿರಿದಾಗಿರುವಾಗ ಮನೆಯ ಬಾಗಿಲನ್ನು ಅಗಲಿಸಿ ಫಲವೇನು?

ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಮೊದಲು ಹಳೆಯ ಕಾರ್ಡನ್ನೇ ಮರಳಿ ಹಾಕಿದೆ. ಚಿತ್ರ ಎಂದಿನಂತೆ ಬಂತು. ಎಂದಮೇಲೆ ಬೋರ್ಡು, ಸ್ಲಾಟು, ಕೇಬಲ್ಲು ಎಲ್ಲವೂ ಸರಿ. ಹೊಸ ಕಾರ್ಡು ಹಾಕಿದಾಗ ಅದರ ದೀಪವೂ ಹತ್ತುತ್ತಿತ್ತು, ಅದೂ ಸತ್ತಿಲ್ಲ. ಉಳಿದದ್ದು ಯಂತ್ರದ ಒಳಗಿನ ದಫ್ತರ. ಅದನ್ನು ನೋಡೋಣವೆಂದರೆ ಪಾಸ್‌ವರ್ಡ್ ನಮ್ಮಲ್ಲಿಲ್ಲ! ಹಣ ನಮ್ಮದು, ಯಂತ್ರ ನಮ್ಮದು, ಬೀಗದ ಕೈ ಮಾತ್ರ ಮಾರಿದವನದು. ಫೋನಿಗೆ ಅವನು ಜಗ್ಗಲಿಲ್ಲ. ಕೊನೆಗೆ ಗುಮಾಸ್ತನ ಬ್ರಹ್ಮಾಸ್ತ್ರ ಹೂಡಿದೆ: ಸೊಸೈಟಿಯ ಲೆಟರ್‌ಹೆಡ್ಡಿನಲ್ಲಿ, ನಂಬರು ತಾರೀಖು ಸಹಿತ, ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ. ವಾರದೊಳಗೆ ಪಾಸ್‌ವರ್ಡ್ ಬಂತು.

ಒಳಗೆ ಕಂಡದ್ದು ನಮ್ಮ ಕಛೇರಿಯ ಕಥೆಯೇ. ಪ್ರತಿ ಕಾರ್ಡಿಗೂ ತಯಾರಾಗುವಾಗಲೇ ಕೊಟ್ಟ ಒಂದು ಮ್ಯಾಕ್ ಸಂಖ್ಯೆ ಇರುತ್ತದೆ. ಆ ಕಾಲದ ಲಿನಕ್ಸ್ ಅದನ್ನು ಕಡತವೊಂದರಲ್ಲಿ ಬರೆದುಕೊಂಡು 'ಇಟಿಎಚ್ 0' ಎಂಬ ಕುರ್ಚಿಯನ್ನು ಆ ಕಾರ್ಡಿಗೇ ಕಾದಿರಿಸುತ್ತಿತ್ತು. ವರ್ಗವಾಗಿ ಹೋದವನ ಕುರ್ಚಿಯನ್ನು ಖಾಲಿ ಇಟ್ಟು, ಹೊಸಬನನ್ನು 'ಇಟಿಎಚ್ 1' ಎಂಬ ಮೂಲೆಗೆ ತಳ್ಳಿತ್ತು. ನೆಟ್‌ವರ್ಕಿನ ವಿಳಾಸವೆಲ್ಲ ಹಳೆಯ ಕುರ್ಚಿಯ ಹೆಸರಿನಲ್ಲೇ ಇತ್ತು. ಹಳೆಯ ಸಾಲು ಅಳಿಸಿ, ಹೊಸ ಸಾಲಿನ 1ನ್ನು 0 ಮಾಡಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಅಷ್ಟೇ! ಒಂದು ಅಂಕಿಗಾಗಿ ಇಡೀ ಯಂತ್ರ ಗುಜರಿಗೆ ಹೋಗಲಿತ್ತು. ಮೊಬೈಲಿಗೆ ಕಳಿಸುವ ಚಿತ್ರದ ಗಾತ್ರ ತಗ್ಗಿಸಿದ ಮೇಲೆ ತಡೆದು ಬರುವ ಕಾಟವೂ ತಪ್ಪಿತು.

ವ್ಯಾಪಾರಿಯ ಅಜ್ಞಾನವನ್ನು ಕ್ಷಮಿಸೋಣ. ಆದರೆ ಬೀಗ ಅಜ್ಞಾನವಲ್ಲ, ಅದು ವ್ಯವಹಾರ. ಅಮೇರಿಕದಲ್ಲಿ 1999ರಲ್ಲಿ ಬಂದ ಟಿವೊ ಎಂಬ ವಿಡಿಯೋ ರೆಕಾರ್ಡರೂ ಲಿನಕ್ಸಿನದೇ. ಅದಕ್ಕೆ ನೆಟ್‌ವರ್ಕ್ ಕಿಂಡಿಯೇ ಇರಲಿಲ್ಲ. ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್‌ರಂಥ ಆಸಕ್ತರು ತಾವೇ ಕಾರ್ಡು ಜೋಡಿಸುವ ದಾರಿ ಕಂಡುಕೊಂಡರು. ಮುಂದಿನ ಮಾದರಿಗಳಲ್ಲಿ ಕಂಪನಿಯು, ತನ್ನ ಮುದ್ರೆಯಿಲ್ಲದ ತಂತ್ರಾಂಶವನ್ನು ಯಂತ್ರ ಓಡಿಸದಂತೆ ಬಿಗಿ ಮಾಡಿತು. ಇಂಥ ಬೀಗಕ್ಕೆ ಎದುರಾಗಿಯೇ 2007ರಲ್ಲಿ ಜಿಪಿಎಲ್ ಲೈಸೆನ್ಸಿನ ಮೂರನೆಯ ಆವೃತ್ತಿ ಬಂತು. ನಮ್ಮಲ್ಲಿಯೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು, ಪೋರ್ಟಲ್ಲನ್ನೂ ತೆರೆಯಿತು. ಆದರೆ ಕೇಳುವವರೇ ಇಲ್ಲದಿದ್ದರೆ ಪೋರ್ಟಲ್ ಏನು ಮಾಡೀತು?

"ಪಾಸ್‌ವರ್ಡ್ ಎಲ್ಲರಿಗೂ ಕೊಟ್ಟರೆ ಭದ್ರತೆಯ ಗತಿಯೇನು?" ಎಂದು ಕಮಿಟಿಯ ಹಿರಿಯರೊಬ್ಬರು ಕೇಳಿದರು. ಎಲ್ಲರಿಗೂ ಬೇಡ ಸ್ವಾಮಿ, ಮೊಹರು ಮಾಡಿದ ಲಕೋಟೆಯಲ್ಲಿ ಸೆಕ್ರೆಟರಿಯ ಕಪಾಟಿನಲ್ಲಿರಲಿ. ನಮ್ಮ ಹೆಣ್ಣುಮಕ್ಕಳು ಹೊರಗೆ ಹೋಗಿ ಬರುವ ಚಿತ್ರ ತುಂಬಿದ ಪೆಟ್ಟಿಗೆಯ ಕೀಲಿ ಹನ್ನೆರಡು ವರ್ಷಕ್ಕೂ ಮಿಗಿಲಾಗಿ ಯಾರೋ ವ್ಯಾಪಾರಿಯ ಬಳಿ ಮಾತ್ರ ಇತ್ತಲ್ಲ, ಅದು ಭದ್ರತೆಯೇ?

ಆದ್ದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಯಂತ್ರ ಕೊಳ್ಳುವಾಗ ಬಿಲ್ಲಿನೊಡನೆ ಪಾಸ್‌ವರ್ಡನ್ನೂ ಬರೆಸಿಕೊಳ್ಳಿ. ಹೊಸ ಭಾಗ ಕೆಲಸ ಮಾಡುವ ತನಕ ಹಳೆಯ ಭಾಗವನ್ನು ಕೈಬಿಡಬೇಡಿ. "ಬೋರ್ಡು ಹೋಗಿದೆ" ಎಂದವನಿಗೆ "ಹೇಗೆ ಗೊತ್ತಾಯಿತು, ತೋರಿಸಪ್ಪ" ಎನ್ನಿ. ಊರು ಬಿಟ್ಟು ಬಂದು, ಬೆವರು ಸುರಿಸಿ ಗಳಿಸಿದ ಹಣ ನಮ್ಮದು. ಅದನ್ನು ಕೇಳಿದವರಿಗೆಲ್ಲ ತಲೆಯಾಡಿಸಿ ಕೊಡುವುದು ಸಭ್ಯತೆಯಲ್ಲ.